ಧೂಮವಿಲ್ಲದ ಅಗ್ನಿ

ಪರ್ವತದ ನೆತ್ತಿಯಲ್ಲಿ ಹೊಗೆಯನ್ನು ಕಂಡವನು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸಬಹುದೆಂಬುದು ನಮ್ಮ ದೇಶದ ತರ್ಕಶಾಸ್ತ್ರವನ್ನು ಓದತೊಡಗಿದ ಬಾಲಕನಿಗೂ ಮೊದಲ ಪಾಠದಲ್ಲಿಯೇ ತಿಳಿದುಬರುವ ಸಂಗತಿ. ಆದರೆ ಆ ವಾಕ್ಯವನ್ನು ತಿರುಗಿಸಿ, ಬೆಂಕಿಯಿರುವಲ್ಲೆಲ್ಲ ಹೊಗೆಯೂ ಇದ್ದೇ ತೀರಬೇಕೆಂದು ಹೇಳಹೊರಟವನನ್ನು ಅದೇ ಶಾಸ್ತ್ರವು ತಡೆದು ನಿಲ್ಲಿಸಿ, ಕುಲುಮೆಯಿಂದ ಹೊರತೆಗೆದ, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಅವನ ಕಣ್ಣೆದುರಿಗೆ ಹಿಡಿಯುತ್ತದೆ. ಅಲ್ಲಿ ಅಗ್ನಿಯುಂಟು, ಧೂಮವಿಲ್ಲ. ಹೊಗೆಯು ಬೆಂಕಿಯೊಂದರಿಂದಲೇ ಹುಟ್ಟತಕ್ಕದ್ದಲ್ಲ. ಹಸಿಯ ಸೌದೆಯ ಸಂಯೋಗವೂ ಅದಕ್ಕೆ ಬೇಕು. ಆ ಉಪಾಧಿಯು ಇಲ್ಲದೆಡೆಯಲ್ಲಿ ಬೆಂಕಿಯು ತನ್ನ ಕುರುಹನ್ನು ತೋರದೆಯೇ ಸುಡುತ್ತಿರಬಹುದು. ಹಾಗಾದರೆ, ಕುರುಹು ಕಾಣಿಸದಿದ್ದಾಗ ವಸ್ತುವೂ ಇಲ್ಲವೆಂದು ನುಡಿಯುವ ಅಧಿಕಾರವು ಮನುಷ್ಯನಿಗೆ ಎಷ್ಟರ ಮಟ್ಟಿಗೆ ಉಂಟು? ಅಧಿಕಾರವು ಅಲ್ಪವೆಂದಾದರೆ, ನುಡಿಯಲೇಬೇಕಾದ, ನುಡಿದೊಡನೆ ಕಾರ್ಯಕ್ಕೆ ಕೈಹಾಕಲೇಬೇಕಾದ ಸ್ಥಾನದಲ್ಲಿರುವವನ ಧರ್ಮವೇನು?

ಪಂಡಿತರ ಸಭೆಯಲ್ಲಿ ಈ ಪ್ರಶ್ನೆಗೆ ತಪ್ಪುತ್ತರವನ್ನು ಕೊಟ್ಟವನು ವಾದದಲ್ಲಿ ಸೋಲುವನು, ಅಷ್ಟೆ. ಆದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ, ನಡುರಾತ್ರಿಯ ಹೊತ್ತಿನಲ್ಲಿ, ಒಬ್ಬರ ಹಿಂದೊಬ್ಬರಾಗಿ ಬರುವ ರೋಗಿಗಳ ನಡುವೆ ನಿಂತ ವೈದ್ಯನು ಇದೇ ಪ್ರಶ್ನೆಗೆ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡಬೇಕಾಗಿದೆ. ಅಲ್ಲಿ ಅವನು ತಪ್ಪಿದರೆ ಸೋಲುವುದು ಇನ್ನೊಬ್ಬರ ಪ್ರಾಣ. ಪ್ರಮಾಣವಿಚಾರವೆಂಬುದು ಒಣ ತರ್ಕವೆಂದೂ, ಲೋಕವ್ಯವಹಾರಕ್ಕೆ ಒದಗದ ಬುದ್ಧಿವಿಲಾಸವೆಂದೂ ಬಗೆಯುವವರಿಗೆ ನಾನು ಆ ಕೋಣೆಯಲ್ಲಿ ಎದುರಾಗುವ ಒಂದು ವ್ಯಾಧಿಯನ್ನು ನಿದರ್ಶನವಾಗಿ ಮುಂದಿಡಬಯಸುತ್ತೇನೆ. ವೈದ್ಯರು ಅದನ್ನು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ. ನಾವು ಮಹಾಧಮನಿಯ ಸೀಳು ಎನ್ನೋಣ.

ಮಹಾಧಮನಿಯೆಂಬುದು ಹೃದಯದ ಎಡಭಾಗದಿಂದ ಹೊರಟು, ಮೇಲಕ್ಕೇರಿ, ಕಮಾನಾಗಿ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಎದೆಯನ್ನೂ ಹೊಟ್ಟೆಯನ್ನೂ ಹಾದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಕವಲೊಡೆಯುವ, ದೇಹದ ರಕ್ತನಾಳಗಳಲ್ಲೆಲ್ಲ ಹಿರಿದಾದ ನಾಳ. ಅದರ ಗೋಡೆಗೆ ಮೂರು ಪದರಗಳುಂಟು. ಬಹುಕಾಲದ ರಕ್ತದೊತ್ತಡದಿಂದಲೋ, ಮಾರ್ಫಾನ್ ಸಿಂಡ್ರೋಮ್‌ನಂತಹ ಹುಟ್ಟುದೌರ್ಬಲ್ಯದಿಂದಲೋ ಆ ಗೋಡೆಯು ಜೀರ್ಣವಾಗಿರುವಾಗ, ಒಂದು ಕ್ಷಣದಲ್ಲಿ ಒಳಪದರವು ಹರಿದು, ಹೃದಯದ ಪ್ರತಿಯೊಂದು ಬಡಿತದ ವೇಗದಿಂದ ರಕ್ತವು ನಡುಪದರದೊಳಕ್ಕೆ ನುಗ್ಗಿ, ಗೋಡೆಯನ್ನೇ ಎರಡಾಗಿ ಸೀಳುತ್ತ, ನಿಜವಾದ ನಾಳದ ಬದಿಯಲ್ಲಿ ಸುಳ್ಳು ನಾಳವೊಂದನ್ನು ಕೊರೆದುಕೊಂಡು ಸಾಗುವುದು. ಸೀಳು ಹೃದಯಕ್ಕೆ ಸಮೀಪವಾದ ಏರುಭಾಗವನ್ನು ಹಿಡಿದಿದ್ದರೆ ಶಸ್ತ್ರಚಿಕಿತ್ಸೆಯೇ ಗತಿ. ಮೊದಲ ಎರಡು ದಿನಗಳಲ್ಲಿ ಕಳೆಯುವ ಒಂದೊಂದು ಗಂಟೆಗೂ ನೂರರಲ್ಲಿ ಒಬ್ಬಿಬ್ಬರು ಸಾಯುವರೆಂಬುದು ವೈದ್ಯಗ್ರಂಥಗಳಲ್ಲಿ ಬಹುಕಾಲದಿಂದ ನಡೆದುಬಂದ ಎಣಿಕೆ. ಕೆಳಭಾಗಕ್ಕೆ ಮಾತ್ರ ಸೀಮಿತವಾಗಿದ್ದರೆ, ರಕ್ತದೊತ್ತಡವನ್ನೂ ನಾಡಿಯ ವೇಗವನ್ನೂ ತಗ್ಗಿಸುವ ಔಷಧಗಳಿಂದಲೇ ಅನೇಕರು ಉಳಿಯುವುದುಂಟು.

ಈ ವ್ಯಾಧಿಯ ಸ್ಪಷ್ಟವಾದ ಆದಿವರ್ಣನೆಗಳಲ್ಲೊಂದು ದೊರೆತದ್ದು ಒಬ್ಬ ಅರಸನ ಶವದಿಂದ. ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯು 1760ನೆಯ ಇಸವಿಯ ಅಕ್ಟೋಬರ್ 25ರಂದು ಕೆನ್ಸಿಂಗ್ಟನ್ ಅರಮನೆಯಲ್ಲಿ ಎಂದಿನಂತೆ ಬೆಳಗ್ಗೆ ಎದ್ದು, ತನ್ನ ಚಾಕೊಲೇಟ್ ಪಾನೀಯವನ್ನು ಕುಡಿದು, ಶೌಚಗೃಹಕ್ಕೆ ಹೋದವನು ಅಲ್ಲಿಯೇ ಕುಸಿದುಬಿದ್ದು ಮೃತನಾದನು. ಅವನ ವೈದ್ಯರಾದ ಫ್ರಾಂಕ್ ನಿಕೋಲ್ಸ್ ಎಂಬವರು ದೇಹವನ್ನು ತೆರೆದು ನೋಡಿದಾಗ, ಹೃದಯವನ್ನು ಸುತ್ತಿರುವ ಚೀಲವು ಹೆಪ್ಪುಗಟ್ಟಿದ ರಕ್ತದಿಂದ ತುಂಬಿದ್ದಿತು. ಮಹಾಧಮನಿಯ ಒಳಮೈಯಲ್ಲಿ ಅಡ್ಡಲಾಗಿ ಸುಮಾರು ಒಂದೂವರೆ ಅಂಗುಲದ ಬಿರುಕೊಂದಿದ್ದು, ಅದರ ಮೂಲಕ ರಕ್ತವು ಹೊರಪದರದ ಅಡಿಗೆ ಹರಿದಿದ್ದಿತು. ಎಪ್ಪತ್ತಾರು ವರ್ಷದ ದೊರೆಯ ಸುತ್ತ ರಾಜ್ಯದ ಶ್ರೇಷ್ಠ ವೈದ್ಯರಿದ್ದರೂ, ಜೀವವಿದ್ದಾಗ ಯಾರಿಗೂ ಕಾಣದ ಕಾರಣವು ಪ್ರಾಣ ಹೋದಮೇಲೆ ಕಣ್ಣಿಗೆ ಬಿದ್ದಿತು. ಅಲ್ಲಿಂದ ಸುಮಾರು ಎರಡು ಶತಮಾನಗಳ ತರುವಾಯ, 1954ರಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದ ಮೈಕೇಲ್ ಡಿಬೇಕಿ ಮತ್ತು ಅವರ ಸಂಗಡಿಗರು ಶಸ್ತ್ರಚಿಕಿತ್ಸೆಯಿಂದ ಇಂತಹ ಸೀಳನ್ನು ಸರಿಪಡಿಸುವ ದಾರಿಯನ್ನು ತೆರೆದರು. ಚಿಕಿತ್ಸೆಯು ಹುಟ್ಟಿದ ದಿನದಿಂದ ರೋಗದ ಅರಿವಿಗೆ ಹೊಸದೊಂದು ಭಾರ ಬಂದಿತು. ಉಪಾಯವಿಲ್ಲದ ರೋಗವನ್ನು ತಿಳಿಯದೆ ಹೋಗುವುದು ದುಃಖವಷ್ಟೇ ಆಗಬಹುದು. ಉಪಾಯವಿರುವ ರೋಗವನ್ನು ತಿಳಿಯದೆ ಹೋಗುವುದು ಹೊಣೆಯ ವಿಷಯವಾಗುವುದು.

ಗ್ರಂಥಗಳು ಹೇಳುವ ಲಕ್ಷಣಚಿತ್ರವೇನೋ ಮರೆಯಲಾಗದಂಥದು: ಅರುವತ್ತು ದಾಟಿದ, ರಕ್ತದೊತ್ತಡವುಳ್ಳ ಪುರುಷ, ಸಿಡಿಲೆರಗಿದಂತೆ ಹಠಾತ್ತನೆ ಎದೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ, ಹರಿಯುವಂತಹ ನೋವು, ಎರಡು ತೋಳುಗಳ ನಾಡಿಯಲ್ಲಿ ವ್ಯತ್ಯಾಸ, ಎಕ್ಸ್‌ರೇಯಲ್ಲಿ ಎದೆಯ ನಡುಭಾಗದ ಅಗಲವಾದ ನೆರಳು. ಈ ಚಿತ್ರವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಒರೆಹಚ್ಚಿ ನೋಡಲು 1996ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಈ ರೋಗಕ್ಕೆಂದೇ ಒಂದು ಅಂತರರಾಷ್ಟ್ರೀಯ ದಾಖಲೆಯನ್ನು ಆರಂಭಿಸಿದವು. ಆರು ದೇಶಗಳ 12 ಕೇಂದ್ರಗಳಿಂದ ಬಂದ 464 ರೋಗಿಗಳ ವಿವರವು 2000ದಲ್ಲಿ ಪ್ರಕಟವಾದಾಗ, ನೋವು ಹಠಾತ್ತನೆ ಬಂದದ್ದು ನೂರಕ್ಕೆ ಸುಮಾರು 85 ಮಂದಿಗೆ ನಿಜವಾಗಿದ್ದಿತು. ಆದರೆ ಹರಿಯುವಂತಹ ನೋವೆಂದು ಹೇಳಿದವರು ಅರ್ಧದಷ್ಟು ಮಂದಿ ಮಾತ್ರ. ನಾಡಿಯ ಕೊರತೆಯು ಕಂಡದ್ದು ನೂರಕ್ಕೆ 15ರಷ್ಟು ಜನರಲ್ಲಿ; ಎದೆಯ ಎಕ್ಸ್‌ರೇಯಲ್ಲಿ ಏನೊಂದು ದೋಷವೂ ಕಾಣದವರು ನೂರಕ್ಕೆ 12ರಷ್ಟು; ಇ.ಸಿ.ಜಿ.ಯು ಸಹಜವಾಗಿಯೇ ಇದ್ದವರು ನೂರಕ್ಕೆ 31ರಷ್ಟು. ಬಹುಕಾಲದಿಂದ ಗುರುಶಿಷ್ಯಪರಂಪರೆಯಲ್ಲಿ ಹರಿದುಬಂದ ಕುರುಹುಗಳಲ್ಲಿ ಒಂದಾದರೂ ರೋಗವನ್ನು ಬಿಡದೆ ಹಿಂಬಾಲಿಸುವುದಾಗಿರಲಿಲ್ಲ.

ಕುರುಹು ತಪ್ಪುವ ಬಗೆಗಳು ಎಷ್ಟೆಂಬುದನ್ನು ನೆನೆದರೆ ಮನಸ್ಸು ನಡುಗುತ್ತದೆ. ಒಬ್ಬನಿಗೆ ಎದೆಯಲ್ಲಿ ನೋವೇ ಇಲ್ಲ. ಬಲಗೈ ಬಲಗಾಲುಗಳ ಶಕ್ತಿಯುಡುಗಿ, ಮಾತು ತೊದಲಿ, ಪಾರ್ಶ್ವವಾಯುವೆಂದು ಅವನನ್ನು ಕರೆತರುತ್ತಾರೆ. ಸೀಳು ಕುತ್ತಿಗೆಯ ಧಮನಿಗೆ ಹಬ್ಬಿ ಮಿದುಳಿನ ರಕ್ತವನ್ನು ತಡೆದಿರುವುದು ಯಾರಿಗೂ ತೋರದು. ಇನ್ನೊಬ್ಬಳು ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಬರುತ್ತಾಳೆ. ಬೆನ್ನುಹುರಿಗೆ ರಕ್ತವೂಡುವ ಕವಲುಗಳು ಮುಚ್ಚಿಹೋಗಿವೆ. ಮತ್ತೊಬ್ಬನ ಪಕ್ಕೆಯಲ್ಲಿ ತಿರುಚುವ ನೋವೆದ್ದು, ಮೂತ್ರಪಿಂಡದ ಕಲ್ಲೆಂದು ಅವನನ್ನು ಮಲಗಿಸುತ್ತಾರೆ. ಮುಚ್ಚಿರುವುದು ಮೂತ್ರಪಿಂಡದ ಧಮನಿ. ಒಬ್ಬನಿಗೆ ಕರುಳಿನ ಧಮನಿಯು ಕಟ್ಟಿ ಹೊಟ್ಟೆನೋವು. ಒಬ್ಬನಿಗೆ ಒಂದು ಕಾಲು ತಣ್ಣಗಾಗಿ ಬಿಳಿಚಿಕೊಂಡಿದೆ. ಒಬ್ಬಳಿಗೆ ಕಮಾನಿನ ಬಳಿ ಹಾಯುವ ಸ್ವರನರವು ಒತ್ತಲ್ಪಟ್ಟು ದನಿ ಒಡೆದಿದೆ. ಒಬ್ಬನಿಗೆ ಮಹಾಧಮನಿಯ ಕವಾಟವೇ ಸಡಿಲಿ, ಶ್ವಾಸಕೋಶದಲ್ಲಿ ನೀರು ತುಂಬಿ ಉಬ್ಬಸ ಬಂದಿದೆ. ಒಬ್ಬನು ಬರಿದೇ ಮೂರ್ಛೆಹೋಗಿ, ಎಚ್ಚರವಾಗಿ, ಈಗ ಚೆನ್ನಾಗಿದ್ದೇನೆ, ಮನೆಗೆ ಹೋಗುತ್ತೇನೆ ಎನ್ನುತ್ತಾನೆ. ಅದೇ ಅಂತರರಾಷ್ಟ್ರೀಯ ದಾಖಲೆಯಿಂದ 2004ರಲ್ಲಿ ಹೊರಬಂದ ಮತ್ತೊಂದು ಲೆಕ್ಕದಲ್ಲಿ, 977 ರೋಗಿಗಳ ಪೈಕಿ 63 ಮಂದಿಗೆ ನೋವೆಂಬುದು ಇರಲೇ ಇಲ್ಲ. ನೋವಿದ್ದವರಲ್ಲಿ ನೂರಕ್ಕೆ 23ರಷ್ಟು ಮಂದಿ ಆಸ್ಪತ್ರೆಯಲ್ಲಿ ತೀರಿಕೊಂಡರೆ, ನೋವಿಲ್ಲದವರಲ್ಲಿ ತೀರಿಕೊಂಡವರು ನೂರಕ್ಕೆ 33ರಷ್ಟು. ಹೊಗೆಯಿಲ್ಲದ ಬೆಂಕಿಯೇ ಹೆಚ್ಚು ಸುಟ್ಟಿತು.

ಒಂದೇ ವ್ಯಾಧಿಯು ಇಷ್ಟು ವೇಷಗಳನ್ನು ತಳೆಯುವುದೇಕೆಂಬುದರ ವಿಚಾರದಲ್ಲಿ ನಮ್ಮ ಪ್ರಾಚೀನರ ಮಾತೊಂದು ಇಲ್ಲಿ ಸ್ಮರಣೀಯವಾಗಿದೆ. ಕೆರಳಿದ ದೋಷವು ಒಂದೇ ಆದರೂ, ಕಾರಣಭೇದದಿಂದಲೂ ಅದು ಸೇರುವ ಸ್ಥಾನದ ಭೇದದಿಂದಲೂ ಅನೇಕ ವಿಕಾರಗಳನ್ನು ಹುಟ್ಟಿಸುತ್ತದೆಂದೂ, ಎಲ್ಲ ವಿಕಾರಗಳಿಗೂ ನಿಯತವಾದ ಹೆಸರಿಲ್ಲವಾದುದರಿಂದ ಹೆಸರನ್ನು ಹೇಳಲಾರದ ವೈದ್ಯನು ನಾಚಬೇಕಾದುದಿಲ್ಲವೆಂದೂ ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಚರಕಾಚಾರ್ಯನಿಗೆ ಮಹಾಧಮನಿಯ ಸೀಳು ತಿಳಿದಿದ್ದಿತೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಆ ಮಹಾಗ್ರಂಥಕ್ಕೂ ಸತ್ಯಕ್ಕೂ ಮಾಡುವ ಅಪಚಾರ. ಆದರೆ ವೈದ್ಯನ ಬುದ್ಧಿಯು ಹೆಸರಿಗೆ ಅಂಟಿಕೊಳ್ಳದೆ, ಮೂಲ ಎಲ್ಲಿ, ಅದು ಯಾವ ದಾರಿಯಲ್ಲಿ ನಡೆದು ಈ ರೂಪವನ್ನು ತಳೆಯಿತು ಎಂದು ಹುಡುಕತಕ್ಕದ್ದೆಂಬ ಆ ಉಪದೇಶವು ಇಂದಿಗೂ ಸಲ್ಲತಕ್ಕದ್ದು. ಪಾರ್ಶ್ವವಾಯುವೂ, ತಣ್ಣಗಾದ ಕಾಲೂ, ಹೊಟ್ಟೆನೋವೂ ಮೂರು ರೋಗಗಳೆಂದು ಎಣಿಸುವವನಿಗೆ ಕಾಣದ ಸತ್ಯವು, ಈ ಮೂರಕ್ಕೂ ರಕ್ತವನ್ನೂಡುವ ಕಾಂಡ ಯಾವುದೆಂದು ಕೇಳುವವನಿಗೆ ಕಾಣುವುದು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಾಣಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಯಾವಾಗ ಪ್ರಮಾಣವಾಗುವುದು? ಕುಮಾರಿಲಭಟ್ಟನ ಸಂಪ್ರದಾಯದ ಮೀಮಾಂಸಕರು, ಅದ್ವೈತಿಗಳು ಕೂಡ, ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕವಾದ ಆರನೆಯ ಪ್ರಮಾಣವೆಂದು ಒಪ್ಪಿದರು. ತರ್ಕಶಾಸ್ತ್ರಜ್ಞರಾದ ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪಲಿಲ್ಲ. ಆದರೆ ಎರಡು ಪಕ್ಷದವರೂ ಒಂದು ವಿಷಯದಲ್ಲಿ ಒಮ್ಮತದವರು: ಬರಿಯ ಅನುಪಲಬ್ಧಿಯು ಸಾಲದು, ಯೋಗ್ಯವಾದ ಅನುಪಲಬ್ಧಿಯೇ ಆಗಬೇಕು. ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಅದು ಕಾಣದಿದ್ದರೆ ಮಾತ್ರ ಅದಿಲ್ಲವೆಂದು ಹೇಳಬಹುದು. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗಲಿಲ್ಲ. ಈ ಸೂಕ್ಷ್ಮವನ್ನು ಹಿಡಿದು ನೋಡಿದಾಗ ತುರ್ತು ವಿಭಾಗದ ಅನೇಕ ಸಮಾಧಾನಗಳು ಕತ್ತಲೆಯಲ್ಲಿ ಗಡಿಗೆಯನ್ನು ಹುಡುಕಿದವನ ಸಮಾಧಾನಗಳೆಂದು ತಿಳಿಯುವುದು. ಎರಡು ಕೈಗಳ ನಾಡಿ ಸಮವಾಗಿದೆಯೆಂಬುದರಿಂದ ಸೀಳಿಲ್ಲವೆಂದು ಸಿದ್ಧವಾಗದು, ಏಕೆಂದರೆ ಸೀಳಿದ್ದವರಲ್ಲಿಯೂ ಬಹುಪಾಲು ಜನರ ನಾಡಿ ಸಮವಾಗಿಯೇ ಇದ್ದಿತು. ಎಕ್ಸ್‌ರೇಯು ಸಹಜವೆಂಬುದರಿಂದಲೂ ಸಿದ್ಧವಾಗದು. ರಕ್ತನಾಳಕ್ಕೆ ಬಣ್ಣದ ದ್ರವವನ್ನು ಹಾಯಿಸಿ ಮಹಾಧಮನಿಯನ್ನು ಆದ್ಯಂತ ತೋರಿಸುವ ಸಿ.ಟಿ. ಸ್ಕ್ಯಾನ್‌ನಲ್ಲಿ ಸೀಳು ಕಾಣದಿದ್ದರೆ, ಆ ಕಾಣದಿರುವಿಕೆಗೆ ಯೋಗ್ಯತೆಯುಂಟು. ಅಲ್ಲಿ ದೀಪವು ಉರಿಯುತ್ತಿದೆ. ಆದುದರಿಂದ ಪ್ರತಿಯೊಂದು ಪರೀಕ್ಷೆಯ ಫಲವನ್ನೂ ಕೈಗೆತ್ತಿಕೊಂಡಾಗ ವೈದ್ಯನು ಮೊದಲು ಕೇಳಿಕೊಳ್ಳತಕ್ಕದ್ದು, ರೋಗವು ಇದ್ದಿದ್ದರೆ ಇದರಲ್ಲಿ ಕಾಣುತ್ತಿತ್ತೇ ಎಂದು.

ಇದಕ್ಕಿಂತಲೂ ಗಹನವಾದ ಅಪಾಯವೊಂದುಂಟು. ಅಲ್ಲಿ ಕುರುಹು ಸುಳ್ಳಾಡುವುದಿಲ್ಲ, ಅರೆಸತ್ಯವನ್ನು ಹೇಳಿ ನಿಲ್ಲಿಸುತ್ತದೆ. ಸೀಳು ಹಿಮ್ಮುಖವಾಗಿ ನಡೆದು ಹೃದಯಕ್ಕೇ ರಕ್ತವೂಡುವ ಕಿರುಧಮನಿಯ ಬಾಯನ್ನು ಮುಚ್ಚಿದರೆ, ಇ.ಸಿ.ಜಿ.ಯಲ್ಲಿ ಹೃದಯಾಘಾತವು ಕಾಣುವುದು. ಅದು ಭ್ರಾಂತಿಯಲ್ಲ, ಹೃದಯಾಘಾತವು ಆಗಿಯೇ ಇದೆ. ಅನುಮಾನವು ಸರಿ, ಕುರುಹಾದ ಹೇತುವು ಸರಿ, ಅದರಿಂದ ಊಹಿಸಿದ ಸಾಧ್ಯವೂ ಸರಿ; ಆದರೆ ಸಾಧ್ಯದ ಹಿಂದೆ ಇನ್ನೊಂದು ಮೂಲವು ಅಡಗಿದೆ. ಹೃದಯಾಘಾತಕ್ಕೆ ಹೆಪ್ಪನ್ನು ಕರಗಿಸುವ ಔಷಧವು ಅಮೃತಪ್ರಾಯವಾದುದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಎಷ್ಟೋ ಪ್ರಾಣಗಳನ್ನುಳಿಸಿದೆ. ಸೀಳಿದ ಮಹಾಧಮನಿಯುಳ್ಳವನಿಗೆ ಅದೇ ಔಷಧವು ವಿಷವಾಗಿ, ಸೀಳಿನ ಬಾಯಿಗೆ ಕಟ್ಟಿದ್ದ ಹೆಪ್ಪನ್ನೂ ಕರಗಿಸಿ ರಕ್ತವನ್ನು ಹೃದಯದ ಸುತ್ತ ಹರಿಯಿಸಬಲ್ಲುದು. ನಮ್ಮ ವೈದ್ಯಶಾಸ್ತ್ರವು ರೋಗವನ್ನರಿಯುವ ಐದು ಉಪಾಯಗಳಲ್ಲಿ ಉಪಶಯವನ್ನೂ ಎಣಿಸಿದೆ. ಔಷಧವನ್ನು ಕೊಟ್ಟು, ಶಮನವಾದರೆ ರೋಗವನ್ನು ಊಹಿಸುವುದು. ಈ ವ್ಯಾಧಿಯಲ್ಲಿ ಆ ಉಪಾಯವೂ ಮೋಸಗೊಳಿಸಬಲ್ಲುದು. ಸೀಳು ಮುಂದುವರಿಯುವುದು ನಿಂತಾಗಲೋ, ಸುಳ್ಳು ನಾಳದ ರಕ್ತವು ಮತ್ತೆ ನಿಜನಾಳಕ್ಕೆ ದಾರಿ ಕಂಡುಕೊಂಡಾಗಲೋ ನೋವು ತಾನಾಗಿ ಇಳಿಯುವುದುಂಟು. ಅಷ್ಟರಲ್ಲಿ ಹೊಟ್ಟೆಯುರಿಯ ಮದ್ದನ್ನು ಕುಡಿಸಿದ್ದರೆ, ಮದ್ದಿನಿಂದ ಇಳಿಯಿತು, ಇದು ಗ್ಯಾಸ್ಟ್ರಿಕ್ ಎಂದು ಮನೆಯವರೂ ವೈದ್ಯನೂ ಸಮಾಧಾನಗೊಂಡು ರೋಗಿಯನ್ನು ಮನೆಗೆ ಕಳುಹಿಸುವರು.

ಹೀಗೆ ಕಳುಹಿಸಲ್ಪಟ್ಟವರಲ್ಲಿ ಲೋಕವೆಲ್ಲ ಬಲ್ಲ ಒಬ್ಬರು ಅಮೆರಿಕದ ಗೀತನಾಟಕಕಾರ ಜೊನಾಥನ್ ಲಾರ್ಸನ್. ಅನೇಕ ವರ್ಷಗಳ ಶ್ರಮದಿಂದ ಬರೆದ ‘ರೆಂಟ್’ ಎಂಬ ನಾಟಕವು ನ್ಯೂಯಾರ್ಕಿನ ರಂಗದ ಮೇಲೆ ಬರಲು ಕೆಲವೇ ದಿನಗಳಿದ್ದಾಗ, 1996ರ ಜನವರಿಯಲ್ಲಿ, ಅವರಿಗೆ ತೀವ್ರವಾದ ಎದೆನೋವು ಬಂದಿತು. ಒಂದು ಆಸ್ಪತ್ರೆಯಲ್ಲಿ ಅದನ್ನು ಆಹಾರದೋಷವೆಂದರು. ಎರಡು ದಿನಗಳ ಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ವೈರಾಣುವಿನ ಜ್ವರವೆಂದರು. ಜನವರಿ 25ರ ಮುಂಜಾನೆ, ಮೊದಲ ಪ್ರದರ್ಶನವು ನಡೆಯಬೇಕಾಗಿದ್ದ ದಿನವೇ, 35ರ ವಯಸ್ಸಿನಲ್ಲಿ ಅವರು ಮಹಾಧಮನಿಯ ಸೀಳಿನಿಂದ ಮನೆಯಲ್ಲಿ ಮೃತರಾದರು. ಅಷ್ಟು ಎಳೆಯ ವಯಸ್ಸಿನವನಿಗೆ ಈ ವೃದ್ಧರ ರೋಗವೇಕೆ ಬಂದೀತೆಂಬ ಭಾವನೆಯೇ ನೋಡುವ ಕಣ್ಣಿಗೆ ತೆರೆಯಾಗುವುದೆಂಬುದನ್ನು ಈ ಮರಣವು ತೋರಿಸುತ್ತದೆ.

ರೋಗಿಯ ಮಾತಿಗೆ ಪ್ರಾಮಾಣ್ಯವೆಷ್ಟು ಎಂಬ ಪ್ರಶ್ನೆಯು ಇಲ್ಲಿ ತಾನಾಗಿ ಏಳುವುದು. ಈ ವಿಷಯದಲ್ಲಿ ಉಡುಪಿಯ ಮಧ್ವಾಚಾರ್ಯರ ದರ್ಶನವು ನಮಗೆ ಬೆಳಕಾಗಬಲ್ಲುದು. ಆ ದರ್ಶನದಲ್ಲಿ ಆತ್ಮಸ್ವರೂಪವೇ ಆದ ಸಾಕ್ಷಿಯೆಂಬ ಇಂದ್ರಿಯಕ್ಕೆ ಸುಖದುಃಖಗಳು ನೇರವಾಗಿ ಗೋಚರವಾಗತಕ್ಕವು; ಸಾಕ್ಷಿಯ ಅನುಭವಕ್ಕೆ ದೋಷವೆಂಬುದಿಲ್ಲ. ಹೊರಗಿನ ಇಂದ್ರಿಯಗಳೂ ಮನಸ್ಸೂ ತಪ್ಪಬಹುದು. ನನಗೆ ನೋವಾಗುತ್ತಿದೆ ಎಂಬ ಅರಿವು ತಪ್ಪಾಗಲಾರದು. ಈ ವಿವೇಕವನ್ನು ರೋಗಿಯ ಹಾಸಿಗೆಯ ಬಳಿಗೆ ತಂದರೆ ಎರಡು ಮಾತುಗಳು ಹೊರಡುತ್ತವೆ. ನೋವಿದೆಯೆಂದೂ, ಇಂತಹ ಕ್ಷಣದಲ್ಲಿ ಹೀಗೆ ಹುಟ್ಟಿತೆಂದೂ ರೋಗಿಯು ಹೇಳುವುದು ವೈದ್ಯನಿಂದ ತಳ್ಳಿಹಾಕಲಾಗದ ಪ್ರಮಾಣ. ಇದು ವಾಯುವಿನಿಂದ, ಇದು ನಿನ್ನೆಯ ಊಟದಿಂದ ಎಂದು ಅದೇ ರೋಗಿಯು ಹೇಳುವುದು ಮನಸ್ಸಿನ ಊಹೆ, ಅದನ್ನು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ. ಅವಸರದ ವೈದ್ಯನು ಅನೇಕ ವೇಳೆ ಇದರ ವಿಪರ್ಯಾಸವನ್ನು ಮಾಡುತ್ತಾನೆ: ನೋವನ್ನು ಅತಿಶಯೋಕ್ತಿಯೆಂದು ಕಡೆಗಣಿಸಿ, ಗ್ಯಾಸ್ಟ್ರಿಕ್ ಎಂಬ ಊಹೆಯನ್ನು ಮಾತ್ರ ಸಂತೋಷದಿಂದ ಸ್ವೀಕರಿಸುತ್ತಾನೆ. ಶಸ್ತ್ರಚಿಕಿತ್ಸೆಯ ದಾರಿಯನ್ನು ತೆರೆದ ಆ ಡಿಬೇಕಿಯವರಿಗೇ, 97ರ ವಯಸ್ಸಿನಲ್ಲಿ, 2005ರ ಡಿಸೆಂಬರ್ 31ರಂದು, ತಮ್ಮ ಮನೆಯಲ್ಲಿದ್ದಾಗ ಎದೆಯಲ್ಲಿ ಆ ನೋವು ಎದ್ದಿತು. ಅದು ಸೀಳಾಗಿರಬಹುದೆಂದು ಅವರೇ ಶಂಕಿಸಿದರು. ಮುಂದಿನ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾಗಿ, 2008ರ ಜುಲೈವರೆಗೆ ಬದುಕಿದರು. ನೋವನ್ನು ಬಲ್ಲವನೂ ರೋಗವನ್ನು ಬಲ್ಲವನೂ ಅಲ್ಲಿ ಒಬ್ಬನೇ ಆಗಿದ್ದನು. ಉಳಿದ ನಮ್ಮೆಲ್ಲರ ಪಾಲಿಗೆ ಆ ಇಬ್ಬರೂ ಬೇರೆ ಬೇರೆ. ಇಬ್ಬರ ನಡುವಣ ಸೇತುವೆಯು ಶ್ರದ್ಧೆಯಿಂದ ಕೇಳುವ ಕಿವಿಯೊಂದೇ.

ಇಷ್ಟನ್ನೆಲ್ಲ ಹೇಳಿದಮೇಲೆ ಒಂದು ಆಕ್ಷೇಪವು ಏಳುವುದು ನ್ಯಾಯವಾಗಿದೆ. ಎಲ್ಲ ಕುರುಹುಗಳೂ ತಪ್ಪಬಹುದಾದರೆ ಎಲ್ಲವನ್ನೂ ಶಂಕಿಸುತ್ತ ಕುಳಿತಿರಬೇಕೆ? ಸಂಶಯಾತ್ಮನಿಗೆ ವಿನಾಶವೇ ಗತಿಯೆಂದು ಭಗವದ್ಗೀತೆಯು ಎಚ್ಚರಿಸಿಲ್ಲವೆ? ಈ ವ್ಯಾಧಿಯು ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಬರತಕ್ಕದ್ದು. ಎದೆನೋವೆಂದು, ಬೆನ್ನುನೋವೆಂದು, ತಲೆತಿರುಗಿತೆಂದು ಬರುವವರಾದರೋ ಲೆಕ್ಕವಿಲ್ಲದಷ್ಟು. ಅವರೆಲ್ಲರನ್ನೂ ಸ್ಕ್ಯಾನ್‌ಗೆ ಕಳುಹಿಸಿದರೆ, ವಿಕಿರಣದಿಂದಲೂ ಬಣ್ಣದ ದ್ರವದಿಂದಲೂ ಹಾನಿಯುಂಟು. ಬಡವನ ಮನೆ ಹಾಳಾಗುವುದುಂಟು. ಯಂತ್ರದ ಮುಂದೆ ಸಾಲು ಬೆಳೆದು, ನಿಜವಾಗಿ ಬೇಕಾದವನು ಕಾಯುತ್ತ ಸಾಯುವುದೂ ಉಂಟು. ಅಪರಿಮಿತವಾದ ಸಂಶಯವು ಅಪರಿಮಿತವಾದ ವಿಶ್ವಾಸದಷ್ಟೇ ಕ್ರೂರವಾದುದು.

ನಮ್ಮ ನೈಯಾಯಿಕರು ಈ ಆಕ್ಷೇಪವನ್ನು ಚಾರ್ವಾಕನ ಬಾಯಿಂದ ಮೊದಲೇ ಕೇಳಿದ್ದರು. ಕುರುಹಿಗೂ ವಸ್ತುವಿಗೂ ಇರುವ ನಿಯತಸಂಬಂಧವೆಂಬ ವ್ಯಾಪ್ತಿಯು ಎಂದಾದರೂ ತಪ್ಪಬಹುದಾದುದರಿಂದ ಅನುಮಾನವೇ ಪ್ರಮಾಣವಲ್ಲವೆಂದ ಅವನಿಗೆ, ಶಂಕೆಗೂ ಒಂದು ಎಲ್ಲೆಯುಂಟು, ನಿನ್ನ ನಡೆಯೇ ನಿನ್ನ ಶಂಕೆಯನ್ನು ಸುಳ್ಳುಮಾಡುವ ಎಡೆಯಲ್ಲಿ ಶಂಕೆಯು ನಿಲ್ಲಬೇಕು ಎಂದು ಉದಯನಾಚಾರ್ಯನು ನ್ಯಾಯಕುಸುಮಾಂಜಲಿಯಲ್ಲಿ ಉತ್ತರವಿತ್ತನು. ಗೌತಮನ ನ್ಯಾಯಸೂತ್ರವು ಹದಿನಾರು ಪದಾರ್ಥಗಳನ್ನು ಎಣಿಸುವಾಗ, ಪ್ರಮಾಣ ಪ್ರಮೇಯಗಳ ಬೆನ್ನಿಗೇ ಸಂಶಯವನ್ನಿಟ್ಟು, ಸಂಶಯದ ಬೆನ್ನಿಗೆ ಪ್ರಯೋಜನವನ್ನಿಟ್ಟು, ಕೆಲವು ಮೆಟ್ಟಿಲುಗಳ ಮೇಲೆ ನಿರ್ಣಯವನ್ನಿಟ್ಟಿದೆ. ಸಂಶಯವು ಅಲ್ಲಿ ವಿಚಾರದ ಬಾಗಿಲು, ವಾಸದ ಮನೆಯಲ್ಲ. ಗೀತೆಯು ನಿಂದಿಸಿದ್ದು ಶ್ರದ್ಧೆಯಿಲ್ಲದೆ ಎಲ್ಲಿಯೂ ನಿಲ್ಲಲಾರದ ಚಿತ್ತವನ್ನು. ನಿರ್ಣಯಕ್ಕಾಗಿ ಹುಡುಕುವ ಜಿಜ್ಞಾಸೆಯನ್ನಲ್ಲ. ಚರಕನು ಪ್ರತ್ಯಕ್ಷ, ಅನುಮಾನ, ಆಪ್ತೋಪದೇಶಗಳ ಜೊತೆಗೆ ಯುಕ್ತಿಯೆಂಬ ನಾಲ್ಕನೆಯ ಪರೀಕ್ಷೆಯನ್ನೂ ಹೇಳಿದನು: ಅನೇಕ ಕಾರಣಗಳು ಕೂಡಿ ಫಲವಾಗುವ ಬಗೆಯನ್ನು ಕಾಣುವ ಬುದ್ಧಿಯೇ ಯುಕ್ತಿ. ಒಂದೊಂದು ಕುರುಹು ಒಂಟಿಯಾಗಿ ದುರ್ಬಲವಾಗಿದ್ದರೂ ಕೂಡಿದಾಗ ಬಲವಾಗುವುದೆಂಬ ಈ ನೋಟವನ್ನೇ ಇಂದಿನ ವೈದ್ಯರೂ ತಮ್ಮದೇ ದಾರಿಯಲ್ಲಿ ಹಿಡಿದಿದ್ದಾರೆ. 2010ರಲ್ಲಿ ಅಮೆರಿಕದ ವೈದ್ಯಸಂಸ್ಥೆಗಳು ಹೊರಡಿಸಿದ ಮಾರ್ಗಸೂಚಿಯು ಮೂರು ಗುಂಪುಗಳನ್ನು ಮಾಡಿತು: ರೋಗಿಯ ಮೈಯಲ್ಲಿ ಅಥವಾ ವಂಶದಲ್ಲಿ ಮೊದಲೇ ಇರುವ ಅಪಾಯ, ನೋವಿನ ಸ್ವರೂಪ, ಪರೀಕ್ಷೆಯಲ್ಲಿ ಕಂಡ ಚಿಹ್ನೆ. ಈ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಗುಂಪು ಸೇರದಿದ್ದವರಲ್ಲಿ ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ಸಹಜವಾಗಿದ್ದರೆ, ಸೀಳು ತಪ್ಪಿಹೋಗುವ ಸಂಭವವು ಸಾವಿರಕ್ಕೆ ಸುಮಾರು ಮೂರು ಮಾತ್ರವೆಂದು, 1,850 ರೋಗಿಗಳನ್ನೊಳಗೊಂಡು 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಸಾವಿರಕ್ಕೆ ಮೂರು, ಸೊನ್ನೆಯಲ್ಲ. ಮನುಷ್ಯನಿಗೆ ಸಲ್ಲುವ ನಿರ್ಣಯವು ಇಂತಹುದೇ. ಸರ್ವಜ್ಞತ್ವವು ನಮ್ಮ ಪಾಲಿನದಲ್ಲ.

ಸರ್ವಜ್ಞನಲ್ಲದವನು ತಪ್ಪಿದಾಗ ಅವನಿಗೆ ಪಾಪವುಂಟೆ? ಇದನ್ನು ನಾನು ಧರ್ಮಪ್ರಶ್ನೆಯಾಗಿಯೇ ಕೇಳುತ್ತೇನೆ, ನ್ಯಾಯಾಲಯದ ಪ್ರಶ್ನೆಯಾಗಿ ಅಲ್ಲ. ವಿಧಿಯ ಮೇಲೆ ಎಲ್ಲವನ್ನೂ ಹೊರಿಸಿ, ಆಯುಸ್ಸು ಮುಗಿದಿತ್ತು ಎಂದು ಕೈತೊಳೆದುಕೊಳ್ಳುವ ವಾಡಿಕೆಯು ನಮ್ಮಲ್ಲಿ ಹಳೆಯದು. ಪ್ರತಿಯೊಂದು ಸಾವಿಗೂ ಒಬ್ಬ ಅಪರಾಧಿಯನ್ನು ಹುಡುಕಿ ಆಸ್ಪತ್ರೆಯ ಗಾಜುಗಳನ್ನು ಒಡೆಯುವ ವಾಡಿಕೆಯು ಹೊಸದು. ಎರಡೂ ವಿಚಾರದಿಂದ ತಪ್ಪಿಸಿಕೊಳ್ಳುವ ದಾರಿಗಳೇ. ಕುರುಹೇ ಇಲ್ಲದೆ ಬಂದ ರೋಗವನ್ನು, ಕೇಳಬೇಕಾದುದನ್ನೆಲ್ಲ ಕೇಳಿ, ನೋಡಬೇಕಾದುದನ್ನೆಲ್ಲ ನೋಡಿದ ಮೇಲೂ ಕಾಣದೆ ಹೋದವನದು ಅಜ್ಞಾನ. ಅದು ಮನುಷ್ಯಸ್ಥಿತಿಗೆ ಸೇರಿದ್ದು, ಅದಕ್ಕೆ ಕ್ಷಮೆಯುಂಟು. ಕೇಳಬಹುದಾದುದನ್ನು ಕೇಳದೆ, ಮೊದಲು ಹೊಳೆದ ಹೆಸರಿಗೆ ಅಂಟಿಕೊಂಡು, ಹೊಂದದ ಸಂಗತಿಯನ್ನು ಕಂಡೂ ಕಾಣದಂತೆ ಸರಿಸಿದವನದು ಅನವಧಾನ. ರೋಗಿಯು ಬದುಕಿಕೊಂಡರೂ ಆ ದೋಷವು ದೋಷವೇ. ಫಲದಿಂದ ತಪ್ಪನ್ನು ಅಳೆಯುವ ಲೋಕಕ್ಕೆ ಈ ಭೇದವು ಕಾಣದು; ಫಲದ ಮೇಲಲ್ಲ, ಕರ್ಮದ ಮೇಲೆಯೇ ನಿನಗೆ ಅಧಿಕಾರವೆಂಬ ಉಪದೇಶವನ್ನು ಕೇಳಿ ಬೆಳೆದ ನಮಗಾದರೂ ಕಾಣಬೇಕು.

ಆದುದರಿಂದ ನನ್ನ ನಿಶ್ಚಯವನ್ನು ಹೇಳಿ ಮುಗಿಸುತ್ತೇನೆ. ಕುರುಹು ಕಾಣದಿದ್ದರೆ ವಸ್ತುವಿಲ್ಲವೆಂದು ನುಡಿಯುವ ಅಧಿಕಾರವು, ವಸ್ತುವಿದ್ದರೆ ಕಾಣಿಸಬಲ್ಲ ಬೆಳಕಿನಲ್ಲಿ ನಿಂತು ನೋಡಿದವನಿಗೆ ಮಾತ್ರ ಉಂಟು. ಉಳಿದವನು, ನನಗಿನ್ನೂ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲನು, ಹಾಗೆ ಹೇಳುವುದು ಅವನಿಗೆ ಅವಮಾನವಲ್ಲ. ವೈದ್ಯರಲ್ಲಿ ನನ್ನ ಪ್ರಾರ್ಥನೆಯೆಂದರೆ, ಹೊಂದದ ಒಂದು ಸಂಗತಿಯು ಉಳಿದಿರುವಾಗ ರೋಗಿಯನ್ನು ಮನೆಗೆ ಕಳುಹಿಸಬೇಡಿರಿ. ಓದುಗರಲ್ಲಿ ನನ್ನ ಪ್ರಾರ್ಥನೆಯು ಇನ್ನೂ ಸರಳವಾದುದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಎದೆಯಲ್ಲಾಗಲಿ, ಬೆನ್ನಿನಲ್ಲಾಗಲಿ, ಹೊಟ್ಟೆಯಲ್ಲಾಗಲಿ ಹುಟ್ಟಿದ ಕ್ಷಣದಲ್ಲಿಯೇ ಪರಾಕಾಷ್ಠೆಯನ್ನು ಮುಟ್ಟಿದ ನೋವು ಬಂದರೆ, ಗಂಟೆಯೊಳಗೆ ಅದು ಇಳಿದರೂ ಆಸ್ಪತ್ರೆಗೆ ಹೋಗಿರಿ. ಎದೆನೋವಿಲ್ಲದೆ ಹಠಾತ್ತನೆ ಕೈಕಾಲು ಸೋತರೂ, ಎಚ್ಚರ ತಪ್ಪಿದರೂ ಹೋಗಿರಿ. ರೋಗದ ಹೆಸರನ್ನು ನೀವೇ ಹೇಳದೆ, ನೋವು ಯಾವಾಗ, ಏನು ಮಾಡುತ್ತಿದ್ದಾಗ, ಹೇಗೆ ಹುಟ್ಟಿತೆಂಬುದನ್ನು ಇದ್ದಂತೆಯೇ ಹೇಳಿರಿ. ವಂಶದಲ್ಲಿ ಮಹಾಧಮನಿಯ ರೋಗವೋ, ಎಳೆಯ ವಯಸ್ಸಿನಲ್ಲಿ ಕಾರಣ ತಿಳಿಯದ ಹಠಾತ್ ಮರಣವೋ ಸಂಭವಿಸಿದ್ದರೆ, ವೈದ್ಯನು ಕೇಳಲಿ ಬಿಡಲಿ, ಅದನ್ನು ಅವನಿಗೆ ತಿಳಿಸಿರಿ.